ಪಾಠದ ವಿಡಿಯೊ ತೆಗೆದಾಯ್ತು, ಈಗ ಅದರಲ್ಲಿ ನೋಡೋದೇನು?

ಚಾಕ್‌ಪೀಸ್_ಚೂರು · ಸಂಜೆ 6:48
ಬಿ.ಇಡಿ. ಇಂಟರ್ನ್‌ಶಿಪ್‌ನಲ್ಲಿ ಇರೋರಿಗೆ, ಮಾಡಿಸೋ ಮೇಷ್ಟ್ರುಗಳಿಗೆ ಒಂದು ಪ್ರಶ್ನೆ. ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿ ಎರಡು ಪಾಠ ರೆಕಾರ್ಡ್ ಮಾಡಿ, ತಾನೇ ನೋಡಿ, ಸ್ವವಿಮರ್ಶೆ ಬರೆದು ಫೈಲಿಗೆ ಹಾಕಬೇಕು. 8ನೇ ತರಗತಿ, 42 ಮಕ್ಕಳು, 40 ನಿಮಿಷದ ಪಿರಿಯಡ್. ಮಕ್ಕಳ ಎಡಗಡೆ ಸಾಲಾಗಿ ಮೂರು ಕಿಟಕಿ, ತಲೆ ಮೇಲೆ ಎರಡು ಫ್ಯಾನ್. ಫೋನನ್ನ ಹಿಂದಿನ ಗೋಡೆಗೆ ಒರಗಿಸಿಟ್ಟರೆ ಸಿಗೋದು 42 ಬೆನ್ನು, ಫ್ಯಾನಿನ ಗುಂಯ್ ಅನ್ನೋ ಸದ್ದು, ದೂರದಲ್ಲಿ ಕೈಯಾಡಿಸ್ತಾ ಇರೋ ಒಂದು ಆಕೃತಿ.

ಅದಕ್ಕಿಂತ ದೊಡ್ಡ ತೊಂದರೆ, ನೋಡೋಕೆ ಕೂತರೆ ಏನು ನೋಡಬೇಕು ಅನ್ನೋದೇ ತಿಳಿಯಲ್ಲ. ಹಾಗಾಗಿ ಎಲ್ಲರ ಫೈಲಲ್ಲೂ ಅದೇ ಮೂರು ಸಾಲು: "ಧ್ವನಿ ಸ್ಪಷ್ಟವಾಗಿತ್ತು. ಕಪ್ಪುಹಲಗೆಯ ಬಳಕೆ ಸಮರ್ಪಕವಾಗಿತ್ತು. ಸಮಯ ಪಾಲನೆಯಲ್ಲಿ ಸುಧಾರಣೆ ಅಗತ್ಯ." ಇಷ್ಟು ಬರೆಯೋಕೆ ವಿಡಿಯೊ ಯಾಕೆ ಬೇಕು?

ಹಿಂದಿನ_ಬೆಂಚು · ಸಂಜೆ 6:55
ವಿಡಿಯೊ ನೋಡದೇ ಬರೀಬಹುದಾದ ಸಾಲುಗಳು ಅವು. ನೋಡಿಲ್ಲ ಅನ್ನೋದಕ್ಕೆ ಸಾಕ್ಷಿನೂ ಅವೇ.

ಸದ್ದುಗದ್ದಲ · ಸಂಜೆ 7:10
ಮೊದಲು ಸದ್ದು ಸರಿ ಮಾಡ್ಕೊಳ್ಳಿ. ಚಿತ್ರ ಮಂಕಾಗಿದ್ದರೂ ವಿಮರ್ಶೆ ನಡೆಯುತ್ತೆ, ಮಾತು ಕೇಳದಿದ್ದರೆ ಏನೂ ನಡೆಯಲ್ಲ.

ದೂರ ಎರಡು ಪಟ್ಟಾದಾಗಲೆಲ್ಲ ಬಾಯಿಂದ ನೇರವಾಗಿ ಬರೋ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತೆ. ಹಿಂದಿನ ಗೋಡೆ ಹತ್ತಿರ ಇಟ್ಟ ಫೋನಿಗೆ ನಿಮ್ಮ ದನಿಗಿಂತ ತಲೆ ಮೇಲಿನ ಫ್ಯಾನೇ ಹತ್ತಿರ. ಅದರ ಮೇಲೆ ಫೋನು ತಾನಾಗೇ ವಾಲ್ಯೂಮ್ ಏರಿಸಿಕೊಳ್ಳುತ್ತೆ. ನೀವು ಮಾತು ನಿಲ್ಲಿಸಿದ ತಕ್ಷಣ ಫ್ಯಾನು ಇನ್ನೂ ಜೋರಾಗಿ ಕೇಳೋದು ಅದಕ್ಕೇ.

ಖರ್ಚಿಲ್ಲದ ದಾರಿ: ಇನ್ನೊಂದು ಫೋನಲ್ಲಿ ವಾಯ್ಸ್ ರೆಕಾರ್ಡರ್ ಆನ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ, ಅಂಗಿ ಜೇಬಲ್ಲಿ ಮೈಕಿರೋ ತುದಿ ಮೇಲೆ ಬರೋ ಹಾಗೆ ಇಟ್ಟುಕೊಳ್ಳಿ. ಕೊಂಡುಕೊಳ್ಳೋದಾದರೆ ತಂತಿಯ ಕಾಲರ್ ಮೈಕ್ ಸಾಕು, ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಸೆರಗು, ವೇಲು ಉಜ್ಜಿದರೆ ಕರಕರ. ತಾಳಿ ಸರ, ಐಡಿ ಕಾರ್ಡಿನ ಟ್ಯಾಗು ಬಡಿದರೆ ಟಕ್ ಟಕ್. ಅವನ್ನ ಒಂದು ಪಕ್ಕಕ್ಕೆ ಸರಿಸಿ ಪಿನ್ ಹಾಕಿ.

ಮೈಕ್ ಪಿನ್ನಿನ ಮೇಲಿರೋ ಕಪ್ಪು ಗೆರೆ ಎಣಿಸಿ. ಮೂರು ಗೆರೆ ಇದ್ದರೆ ಫೋನಿಗೆ ಆಗುತ್ತೆ. ಎರಡೇ ಇದ್ದರೆ ಅದು ಕ್ಯಾಮೆರಾದ್ದು, ಫೋನಿಗೆ ಹೋಗಿ ಕೂರುತ್ತೆ, ಆದರೆ ರೆಕಾರ್ಡ್ ಆಗೋದು ಫೋನಿನದೇ ಮೈಕಲ್ಲಿ. ಪಾಠ ಮುಗಿದ ಮೇಲೆ ಗೊತ್ತಾಗಿ ಉಪಯೋಗವಿಲ್ಲ. ರೆಕಾರ್ಡ್ ಒತ್ತಿ, ಮೈಕನ್ನ ಉಗುರಿನಿಂದ ಕೆರೆದು, ಪ್ಲೇ ಮಾಡಿ ಕೇಳಿ. ಕೆರೆದ ಸದ್ದು ಜೋರಾಗಿ ಬಂದರೆ ಸರಿ ಇದೆ ಅಂತ.

ವಿಡಿಯೊ, ಆಡಿಯೊ ಬೇರೆ ಬೇರೆ ಫೋನಲ್ಲಿದ್ದರೆ ಶುರುವಿನಲ್ಲಿ ಡಸ್ಟರಿನಿಂದ ಬೋರ್ಡಿಗೆ ಒಂದೇ ಏಟು ಹೊಡೀರಿ. ಚಿತ್ರದಲ್ಲಿ ಪುಡಿ ಹಾರೋದು ಕಾಣುತ್ತೆ, ಸದ್ದಿನಲ್ಲಿ ಚೂಪಾದ ಗೆರೆ ಕಾಣುತ್ತೆ. ಎರಡನ್ನೂ ಅಲ್ಲಿಗೆ ಹೊಂದಿಸಿದರೆ ಆಯ್ತು.

ಗಿರಮಿಟ್ · ಸಂಜೆ 7:18
ಕಾಲರ್ ಮೈಕಿನ್ಯಾಗ ಮಾಸ್ತರ್ ಒಬ್ಬರ ದನೀನ ಬರ್ತದರಿ. ಹುಡುಗ್ರು ಏನಂದ್ರು ಅನ್ನೋದು ಬ್ಯಾಡೇನು?

ಸದ್ದುಗದ್ದಲ · ಸಂಜೆ 7:24
ಬೇಕೇ ಬೇಕು ರೀ. ಮಧ್ಯದ ಸಾಲಿನ ಒಂದು ಬೆಂಚಿನ ಮೇಲೆ ಮೂರನೇ ಫೋನು, ಕೆಳಗೆ ಮಡಚಿದ ಕರ್ಚೀಫು. ಬರೀ ಬೆಂಚಿನ ಮೇಲೆ ಇಟ್ಟರೆ ಪೆನ್ನು ಬಿದ್ದದ್ದು, ಮೊಣಕೈ ಊರಿದ್ದು ಎಲ್ಲ ಗುಡುಗಿನ ಹಾಗೆ ಬರುತ್ತೆ. ಮೂರು ಫೋನು ಅಂದರೆ ಹೆದರಬೇಡಿ, ಒಂದೇ ಶಾಲೆಗೆ ಹಾಕಿರೋ ಜತೆಯವರು ಎಲ್ಲ ಕಡೆ ಇರ್ತಾರೆ.

ಕಿಟಕಿ_ಪಕ್ಕ · ಸಂಜೆ 7:31
ಕ್ಯಾಮೆರಾ ಹಿಂದಿನ ಗೋಡೆಗೆ ಇಡೋದು ತಪಾಸಣೆಗೆ ಬಂದೋರ ಅಭ್ಯಾಸ. ಮೇಲ್ವಿಚಾರಕರು ಕೂರೋದು ಅಲ್ಲೇ ಅಂತ ಫೋನೂ ಅಲ್ಲೇ ಕೂರುತ್ತೆ.

ಕಿಟಕಿ ಎಡಗಡೆ ಅಂದ್ರಲ್ಲ, ಕ್ಯಾಮೆರಾನೂ ಎಡ ಗೋಡೆಗೇ ಇರಲಿ. ಬೆಳಕು ಕ್ಯಾಮೆರಾದ ಬೆನ್ನ ಹಿಂದಿನಿಂದ ಬಂದು ಮಕ್ಕಳ ಮುಖಕ್ಕೆ ಬೀಳಬೇಕು. ಎದುರು ಗೋಡೆಗೆ ಇಟ್ಟರೆ ಕಿಟಕಿ ಬೆಳ್ಳಗೆ, ಮಕ್ಕಳು ಕಪ್ಪು ನೆರಳು. ಎತ್ತರ ಸುಮಾರು 5 ಅಡಿ, ಕೂತ ಮಕ್ಕಳ ತಲೆ ಅಡ್ಡ ಬರಬಾರದು. ಟ್ರೈಪಾಡ್ ಇಲ್ಲದಿದ್ದರೆ ಕಿಟಕಿ ಸರಳಿಗೆ ಸಿಕ್ಕಿಸೋ ಮೊಬೈಲ್ ಹೋಲ್ಡರ್ ಸಾಕು. ಫೋನು ಅಡ್ಡಲಾಗಿ. ನಿಲ್ಲಿಸಿ ತೆಗೆದರೆ ಅರ್ಧ ಚೌಕಟ್ಟು ಛಾವಣಿ ಮತ್ತು ನೆಲಕ್ಕೇ ಹೋಗುತ್ತೆ.

ಇನ್ನು ದಿಕ್ಕು. ಎರಡು ಪಾಠ ಅಂದ್ರಲ್ಲ, ಒಂದರಲ್ಲಿ ಬೋರ್ಡಿನಿಂದ ಕೋಣೆಯ ಮೂರನೇ ಒಂದು ಭಾಗದಷ್ಟು ಹಿಂದೆ ಇಟ್ಟು ಬೋರ್ಡಿನ ಕಡೆ ಓರೆಯಾಗಿ ತಿರುಗಿಸಿ. ನೀವು, ಬೋರ್ಡು, ಮುಂದಿನ ಸಾಲುಗಳ ಪಕ್ಕ ಸಿಗುತ್ತೆ. ಇನ್ನೊಂದರಲ್ಲಿ ಮುಂದಿನ ಎಡ ಮೂಲೆಗೆ ತಂದು ಪೂರ್ತಿ ಮಕ್ಕಳ ಕಡೆಗೇ ತಿರುಗಿಸಿ. ಒಂದೇ ಪಾಠಕ್ಕೆ ಅವಕಾಶ ಇದ್ದರೆ ಎರಡನೇದನ್ನೇ ಮಾಡಿ.

ಚಾಕ್‌ಪೀಸ್_ಚೂರು · ಸಂಜೆ 7:35
ಮಕ್ಕಳ ಕಡೆ ತಿರುಗಿಸಿದರೆ ನಾನೇ ಕಾಣಲ್ಲವಲ್ಲ ಸರ್? ಬೋರ್ಡ್ ಕೆಲಸಕ್ಕೆ ಅಂಕ ಇದೆ.

ಕಿಟಕಿ_ಪಕ್ಕ · ಸಂಜೆ 7:39
ಬೋರ್ಡಿಗೆ ವಿಡಿಯೊ ಬೇಡ. ಅಳಿಸೋ ಮುಂಚೆ ಒಂದೊಂದು ಫೋಟೊ ತೆಗೀರಿ. 40 ನಿಮಿಷದಲ್ಲಿ ಮೂರು ಸಲ ಅಳಿಸಿದರೆ ಮೂರು ಫೋಟೊ, ಅಕ್ಷರ ವಿಡಿಯೊಗಿಂತ ಚೆನ್ನಾಗಿ ಕಾಣುತ್ತೆ. ನಿಮ್ಮ ಮಾತು ಜೇಬಿನ ಫೋನಲ್ಲಿದೆ. ಹಾಗಾದ ಮೇಲೆ ಕಾಣದೆ ಹೋಗೋದು ನಿಮ್ಮ ಮುಖ ಒಂದೇ. ಅದು ಕಾಣದಿದ್ದರೇ ಒಳ್ಳೇದು. ಸ್ವಂತ ವಿಡಿಯೊ ನೋಡೋರು ಮೊದಲು ನೋಡೋದು ಕೂದಲು, ಹೊಟ್ಟೆ, ಸೀರೆ ನೆರಿಗೆ. ಮೊದಲ ಹತ್ತು ನಿಮಿಷ ಅದರಲ್ಲೇ ಮುಗಿಯುತ್ತೆ.

ಹಿಂದಿನ_ಬೆಂಚು · ಸಂಜೆ 7:41
"ನನ್ನ ದನಿ ಹೀಗಿದ್ಯಾ?" ಅನ್ನೋದಕ್ಕೆ ಇನ್ನೊಂದು ಹತ್ತು ನಿಮಿಷ.

ಜಿಬಿ_ಲೆಕ್ಕ · ಸಂಜೆ 7:52
ಯಾರೂ ಹೇಳದ ಒಂದು ವಿಷಯ, ಜಾಗ. 1080ಪಿ ಗುಣಮಟ್ಟದಲ್ಲಿ ಎಷ್ಟೋ ಆಂಡ್ರಾಯ್ಡ್ ಫೋನುಗಳು ನಿಮಿಷಕ್ಕೆ 100ರಿಂದ 130 ಎಂಬಿ ತಿನ್ನುತ್ತವೆ. 40 ನಿಮಿಷಕ್ಕೆ 4ರಿಂದ 5 ಜಿಬಿ. ಫೋನಿಂದ ಫೋನಿಗೆ ಬದಲಾಗುತ್ತೆ, ಅದಕ್ಕೆ ಸುಲಭ ಲೆಕ್ಕ: ಒಂದು ನಿಮಿಷ ತೆಗೆದು ಫೈಲಿನ ಗಾತ್ರ ನೋಡಿ, 45ರಿಂದ ಗುಣಿಸಿ. ಅಷ್ಟು ಜಾಗ ಖಾಲಿ ಇಲ್ಲದಿದ್ದರೆ 28ನೇ ನಿಮಿಷಕ್ಕೆ ತಾನಾಗೇ ನಿಂತಿರುತ್ತೆ, ನಿಮಗೆ ಗೊತ್ತೂ ಆಗಿರಲ್ಲ. ತರಗತಿ ವಿಡಿಯೊಗೆ 720ಪಿ ಧಾರಾಳ ಸಾಕು.

4 ಜಿಬಿ ಹತ್ತಿರ ಬಂದಾಗ ಕೆಲವು ಫೋನು ಫೈಲನ್ನ ಎರಡು ಮಾಡುತ್ತವೆ. ಎರಡನೇದು ಕಾಣದೆ "ಅರ್ಧಾನೇ ಬಂದಿದೆ" ಅಂತ ಮೊದಲನೇದನ್ನೂ ಅಳಿಸೋರಿದ್ದಾರೆ. ಹಳೇ ಪೆನ್‌ಡ್ರೈವಿಗೂ ಇದೇ ಗೋಳು: ಫ್ಯಾಟ್32 ಫಾರ್ಮ್ಯಾಟ್ ಇದ್ದರೆ 4 ಜಿಬಿ ಮೀರಿದ ಒಂದೇ ಫೈಲು ಅದಕ್ಕೆ ಹೋಗಲ್ಲ, ಡ್ರೈವು 32 ಜಿಬಿ ಇದ್ದರೂ. ಎಕ್ಸ್‌ಫ್ಯಾಟ್ ಮಾಡ್ಕೊಳ್ಳಿ.

ಟ್ಯೂಬ್‌ಲೈಟ್ ಕೆಳಗೆ ಚಿತ್ರದಲ್ಲಿ ಪಟ್ಟೆ ಪಟ್ಟೆ ಓಡಿದರೆ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 50 ಹರ್ಟ್ಸ್ ಆರಿಸಿ.

ಕಾನೂನು_ಕಣ್ಣು · ರಾತ್ರಿ 8:03
ಮೈಕು, ಜಿಬಿ ಎಲ್ಲ ಆಯ್ತು. 42 ಮಕ್ಕಳ ತಂದೆತಾಯಿ ಒಪ್ಪಿಗೆ ಯಾರು ತಗೊಂಡ್ರಿ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ವಿಷಯದಲ್ಲಿ ಒಪ್ಪಿಗೆ ಕೊಡಬೇಕಾದ್ದು ಪೋಷಕರು. ಕಾಯ್ದೆ ಬದಿಗಿಟ್ಟರೂ ಇದು ಮರ್ಯಾದೆ ಪ್ರಶ್ನೆ. ಮುಖ್ಯಶಿಕ್ಷಕರ ಲಿಖಿತ ಅನುಮತಿ, ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಗಮನಕ್ಕೆ ಒಂದು ಮಾತು, ಪೋಷಕರಿಗೆ ಕನ್ನಡದಲ್ಲಿ ಅರ್ಧ ಪುಟದ ಪತ್ರ. ಪತ್ರದಲ್ಲಿ ನಾಲ್ಕು ವಿಷಯ ಇರಲೇಬೇಕು: ಯಾಕೆ ತೆಗೀತೀವಿ, ಯಾರು ಯಾರು ನೋಡ್ತಾರೆ, ಎಲ್ಲಿ ಇಡ್ತೀವಿ, ಯಾವ ತಾರೀಕಿಗೆ ಅಳಿಸ್ತೀವಿ. "ಶೈಕ್ಷಣಿಕ ಉದ್ದೇಶಕ್ಕಾಗಿ" ಅಂತ ಒಂದೇ ಸಾಲು ಗೀಚಿ ಸಹಿ ಹಾಕಿಸಿದರೆ ಅದು ಒಪ್ಪಿಗೆ ಅಲ್ಲ.

ಸಹಿ ಬಾರದ ಮಗುವನ್ನ ಹೊರಗೆ ಕಳಿಸೋ ಹಾಗಿಲ್ಲ. ಕ್ಯಾಮೆರಾದ ಚೌಕಟ್ಟಿಗೆ ಬೀಳದ ಮೂಲೆ ಯಾವುದು ಅಂತ ಹಿಂದಿನ ದಿನವೇ ನೋಡಿಟ್ಟು ಅಲ್ಲಿ ಕೂರಿಸಿ, ಜತೆಗೆ ಸಹಿ ಬಂದಿರೋ ಮಕ್ಕಳನ್ನೂ ಕೂರಿಸಿ. ಒಂಟಿಯಾಗಿ ಕೂತರೆ ಎಲ್ಲರಿಗೂ ಗೊತ್ತಾಗುತ್ತೆ.

ಜಿಬಿ_ಲೆಕ್ಕ · ರಾತ್ರಿ 8:09
ಇದಕ್ಕೆ ಒಂದು ಸೇರ್ಸಿ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆನ್ ಇದ್ದರೆ ಮನೆಗೆ ಹೋಗಿ ವೈಫೈ ಸಿಕ್ಕ ಕೂಡಲೇ ಮಕ್ಕಳ ವಿಡಿಯೊ ತಾನಾಗೇ ಮೇಲೆ ಹೋಗುತ್ತೆ. ತರಗತಿಯಲ್ಲಿ ಏರೋಪ್ಲೇನ್ ಮೋಡ್ ಹಾಕಿದ್ದು ಅದನ್ನ ತಡೆಯಲ್ಲ. ಉಚಿತ ಜಾಗ 15 ಜಿಬಿ, ಮೂರು ಪಾಠಕ್ಕೆ ತುಂಬಿದರೆ ಜಿಮೇಲಿಗೂ ಪತ್ರ ಬರೋದು ನಿಲ್ಲುತ್ತೆ. ರೆಕಾರ್ಡ್ ಮಾಡೋ ಮುಂಚೆ ಬ್ಯಾಕಪ್ ಆಫ್ ಮಾಡಿ.

ಎಂ_ಎಡ್_ಮುಗೀಲಿಲ್ಲ · ರಾತ್ರಿ 8:12
ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಹಾಕಿ ಲಿಂಕ್ ಕೊಟ್ಟರೆ ಆಗಲ್ವಾ?

ಕಾನೂನು_ಕಣ್ಣು · ರಾತ್ರಿ 8:14
ಆಗಲ್ಲ. ಲಿಂಕ್ ಸಿಕ್ಕ ಯಾರು ಬೇಕಾದ್ರೂ ನೋಡಬಹುದು, ಮುಂದಕ್ಕೂ ಕಳಿಸಬಹುದು. ವಾಟ್ಸಾಪ್ ಗ್ರೂಪೂ ಬೇಡ. ಸ್ಟೇಟಸ್‌ಗೆ ಹಾಕೋರಿಗೆ ಏನು ಹೇಳೋದು, ನಮಸ್ಕಾರ.

ಗಿರಮಿಟ್ · ರಾತ್ರಿ 8:20
ಅಲ್ರೀ, ಇಷ್ಟೆಲ್ಲಾ ಮಾಡಾಕ ಟೈಮ್ ಎಲ್ಲೈತಿ? ದಿನಾ ಪಾಠ ಯೋಜನೆ ಬರೀಬೇಕು, ಚಾರ್ಟ್ ಮಾಡಬೇಕು, ಗೆಳೆಯಾರ ಪಾಠ ಅಬ್ಸರ್ವೇಶನ್ ಮಾಡಿ ಅದನ್ನೂ ಬರೀಬೇಕು. ಮತ್ತ 40 ನಿಮಿಷದ ವಿಡಿಯೊ ನೋಡ್ಕೋತ ಕುಂತ್ರ ಮಲಗೋದು ಯಾವಾಗ್ರೀ?

ಐದೇ_ನಿಮಿಷ · ರಾತ್ರಿ 8:44
ಪೂರ್ತಿ ನೋಡಬೇಡಿ. ನಿಜಕ್ಕೂ. 40 ನಿಮಿಷ ನೋಡಿದೋರು ಬರೆಯೋದೇ ಆ "ಸಮಯ ಪಾಲನೆ" ಸಾಲು, ಯಾಕಂದ್ರೆ ಅಷ್ಟು ಉದ್ದದಲ್ಲಿ ಕಣ್ಣಿಗೆ ಬೀಳೋದು ಅದೊಂದೇ.

ವಿಡಿಯೊ ತೆರೆಯೋ ಮುಂಚೆ, ಪಿರಿಯಡ್ ಮುಗಿದ ಕೂಡಲೇ, ಪಾಠ ಯೋಜನೆಯ ಅಂಚಲ್ಲಿ ನೆನಪಿಂದ ಬರ್ಕೊಳ್ಳಿ: ಎಷ್ಟು ಪ್ರಶ್ನೆ ಕೇಳಿದೆ, ಎಷ್ಟು ಜನ ಬೇರೆ ಬೇರೆ ಮಕ್ಕಳು ಉತ್ತರ ಕೊಟ್ರು, ನಾನೊಬ್ಬನೇ ಎಷ್ಟು ನಿಮಿಷ ಮಾತಾಡಿದೆ. ಆಮೇಲೆ ವಿಡಿಯೊದಲ್ಲಿ ಎಣಿಸಿ. ನೆನಪಿನ ಅಂಕಿಗೂ ಎಣಿಸಿದ ಅಂಕಿಗೂ ಇರೋ ಅಂತರವೇ ಸ್ವವಿಮರ್ಶೆ. ವಿಡಿಯೊ ಮೊದಲೇ ನೋಡಿಬಿಟ್ಟರೆ ಈ ಅಂತರ ಸಿಗಲ್ಲ.

ನೋಡೋದು ಐದೇ ನಿಮಿಷ. ಯಾವ ಐದು? ಚೆನ್ನಾಗಿ ಹೋದದ್ದಲ್ಲ, ಪಾಠ ಯೋಜನೆ ಬಿಟ್ಟು ಎಲ್ಲಿ ಹೊರಳಿದ್ರೋ ಅದು. ಪಾಠದ ನಡುವೆ ಏನೋ ಕೈ ತಪ್ಪಿತು ಅನ್ನಿಸಿದಾಗ ಡಸ್ಟರಿಂದ ಬೋರ್ಡಿಗೆ ಎರಡು ಸಲ ಮೆಲ್ಲಗೆ ತಟ್ಟಿ. ಮಕ್ಕಳಿಗೆ ಅದು ಮಾಮೂಲಿ ಸದ್ದು. ಆಮೇಲೆ ಆಡಿಯೊವನ್ನ ಅಡಾಸಿಟಿ ಅನ್ನೋ ಆಡಿಯೊ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಆ ಎರಡು ಮುಳ್ಳು ಎದ್ದು ಕಾಣುತ್ತೆ, ಹುಡುಕೋ ಕೆಲಸ ಇಲ್ಲ. (ಅಡಾಸಿಟಿ ಎಂ4ಎ ಫೈಲು ತೆರೆಯದಿದ್ದರೆ ಎಫ್‌ಎಫ್‌ಎಂಪೆಗ್ ಅನ್ನೋ ಜೋಡಣೆ ಸೇರಿಸಬೇಕು, ಇಲ್ಲವೇ ಶುರುವಿನಿಂದಲೇ ಡಬ್ಲ್ಯುಎವಿಯಲ್ಲಿ ರೆಕಾರ್ಡ್ ಮಾಡಿ.)

ಆ ಐದು ನಿಮಿಷವನ್ನ ಮೊದಲು ಸದ್ದು ಬಂದ್ ಮಾಡಿ ನೋಡಿ, ಆಮೇಲೆ ಚಿತ್ರ ನೋಡದೆ ಕೇಳಿ, ಆಮೇಲೆ ಮಾತು ಮಾತನ್ನೂ ಬರ್ಕೊಳ್ಳಿ. ಬರೆಯೋಕೆ ಅರ್ಧ ಗಂಟೆ ಬೇಕು. ಗಿರಮಿಟ್ ಅವರೇ, ಒಟ್ಟು ಒಂದು ಗಂಟೆಯೊಳಗೆ ಮುಗಿಯುತ್ತೆ.

6ನೇ ತರಗತಿ ಭಿನ್ನರಾಶಿ ಪಾಠದಲ್ಲಿ ಬರೆದಿಳಿಸಿದರೆ ಸಿಗೋದು ಇಂಥದ್ದು:

12:04 ಶಿಕ್ಷಕಿ: ಮೂರನೇ ಒಂದು ದೊಡ್ಡದಾ, ನಾಲ್ಕನೇ ಒಂದು ದೊಡ್ಡದಾ?
12:06 ಶಿಕ್ಷಕಿ: ಯಾವ್ದು? ಹೇಳಿ ಹೇಳಿ.
12:07 ಮುಂದಿನ ಸಾಲಿನ ಮೂವರು: ನಾಲ್ಕನೇ ಒಂದು!
12:08 ಶಿಕ್ಷಕಿ: ಹಾಂ…?
12:09 ಅದೇ ಮೂವರು: ಮೂರನೇ ಒಂದು!
12:10 ಶಿಕ್ಷಕಿ: ವೆರಿ ಗುಡ್. ಎಲ್ರಿಗೂ ಅರ್ಥ ಆಯ್ತಾ?
12:12 ಎಲ್ಲರೂ: ಆಯ್ತು ಮಿಸ್!

ಎಂಟು ಸೆಕೆಂಡು. ತರಗತಿಯಲ್ಲಿ ನಿಂತವರಿಗೆ ಇದು ಪ್ರಶ್ನೆ ಕೇಳಿ ಸರಿ ಉತ್ತರ ಪಡೆದ ಹಾಗೆ ಅನ್ನಿಸುತ್ತೆ. ಬರೆದಿಟ್ಟು ನೋಡಿದರೆ, ಆಯ್ಕೆ ಇದ್ದದ್ದೇ ಎರಡು, "ಹಾಂ…?" ಅನ್ನೋ ರಾಗವೇ ಮೊದಲನೇದು ತಪ್ಪು ಅಂತ ಹೇಳ್ಬಿಡ್ತು, ಮಕ್ಕಳು ಉಳಿದದ್ದನ್ನ ಹೇಳಿದ್ರು. 4 ಅನ್ನೋದು 3ಕ್ಕಿಂತ ದೊಡ್ಡದು, ಹಾಗಾಗಿ ನಾಲ್ಕನೇ ಒಂದೂ ದೊಡ್ಡದು ಅನ್ನೋ ತಪ್ಪು ತಿಳಿವಳಿಕೆ ಮೂವರ ತಲೆಯಲ್ಲೂ ಹಾಗೇ ಕೂತಿದೆ, ಮೇಲೆ "ವೆರಿ ಗುಡ್" ಬೇರೆ ಸಿಕ್ಕಿದೆ. 12:08ರಲ್ಲಿ "ಯಾಕೆ?" ಅಂತ ಕೇಳಿದ್ದರೆ, ಇಲ್ಲ ಒಂದು ರೊಟ್ಟಿಯ ಚಿತ್ರ ಬರೆದು ಭಾಗ ಮಾಡಿಸಿದ್ದರೆ, ಅದು ಹೊರಗೆ ಬರ್ತಿತ್ತು.

ಹಿಂದಿನ_ಬೆಂಚು · ರಾತ್ರಿ 8:50
"ಅರ್ಥ ಆಯ್ತಾ" ಎಷ್ಟು ಸಲ ಅಂತ ಎಣಿಸಿದರೆ ಇಡೀ ವೇದಿಕೆ ಖಾಲಿಯಾಗುತ್ತೆ.

ಹತ್ತರ_ಮಗ್ಗಿ · ರಾತ್ರಿ 9:02
ಎಣಿಸೋದೇ ಆದರೆ ಫ್ಲಾಂಡರ್ಸ್ ಅಂತಃಕ್ರಿಯಾ ವಿಶ್ಲೇಷಣೆ (ತರಗತಿಯ ಮಾತನ್ನ ಹತ್ತು ವರ್ಗ ಮಾಡಿ ಎಣಿಸೋ ವಿಧಾನ) ಸಿಲೆಬಸ್‌ನಲ್ಲೇ ಇದೆಯಲ್ಲ. ಬರೀ ಪರೀಕ್ಷೆಗೆ ಓದಿ ಬಿಡ್ತಾರೆ. 3 ಸೆಕೆಂಡಿಗೊಮ್ಮೆ 1ರಿಂದ 10ರ ಒಳಗೆ ಒಂದು ಅಂಕಿ: 1 ಭಾವನೆ ಒಪ್ಪಿಕೊಳ್ಳೋದು, 2 ಹೊಗಳಿಕೆ, 3 ಮಕ್ಕಳ ವಿಚಾರ ಬಳಸಿಕೊಳ್ಳೋದು, 4 ಪ್ರಶ್ನೆ, 5 ಉಪನ್ಯಾಸ, 6 ಸೂಚನೆ, 7 ಟೀಕೆ, 8 ಕೇಳಿದ್ದಕ್ಕೆ ಉತ್ತರ, 9 ಮಗು ತಾನಾಗಿ ಆಡಿದ ಮಾತು, 10 ಮೌನ ಅಥವಾ ಗೊಂದಲ. ನಿಮಿಷಕ್ಕೆ 20 ಅಂಕಿ, ಐದು ನಿಮಿಷಕ್ಕೆ 100, ಶೇಕಡಾವಾರು ಲೆಕ್ಕ ಬಾಯಲ್ಲೇ ಆಗುತ್ತೆ.

ತರಗತಿಯಲ್ಲೇ ಕೂತು ಹಾಕೋದು ಕಷ್ಟ, ವಿಡಿಯೊದಲ್ಲಿ ಸುಲಭ. ಕಂಪ್ಯೂಟರಿನ ವಿಡಿಯೊ ಪ್ಲೇಯರ್ ವಿಎಲ್‌ಸಿಯಲ್ಲಿ ಶಿಫ್ಟ್ ಹಿಡಿದು ಬಲ ಬಾಣ ಒತ್ತಿದರೆ ಸರಿಯಾಗಿ 3 ಸೆಕೆಂಡು ಮುಂದಕ್ಕೆ ಹೋಗುತ್ತೆ. 3 ಸೆಕೆಂಡು ಪ್ಲೇ, ನಿಲ್ಲಿಸು, ಅಂಕಿ ಬರಿ. ತಪ್ಪಿದರೆ ಶಿಫ್ಟ್ ಮತ್ತು ಎಡ ಬಾಣ, ಅದೇ ತುಣುಕು ಮತ್ತೆ.

ಐದೇ_ನಿಮಿಷ · ರಾತ್ರಿ 9:11
ಹಾಕಿ ನೋಡೋಣ. ಮೇಲಿನ ಎಂಟು ಸೆಕೆಂಡಿಗೆ ನಿಮ್ಮ ಅಂಕಿ 4, 8, 2. ಪ್ರಶ್ನೆ, ಉತ್ತರ, ಹೊಗಳಿಕೆ. ಕಾಗದದ ಮೇಲೆ ಮಾದರಿ ಪಾಠ! ಎಡವಟ್ಟಾದದ್ದು "ಹಾಂ…?" ಅನ್ನೋ ಒಂದು ಸೆಕೆಂಡಲ್ಲಿ, ಅದು ಜರಡಿಯಿಂದ ಕೆಳಗೆ ಬಿದ್ದುಹೋಯ್ತು.

ಹತ್ತರ_ಮಗ್ಗಿ · ರಾತ್ರಿ 9:17
ನಿಯಮ ಪೂರ್ತಿ ಹೇಳಿ ಮೇಡಂ. 3 ಸೆಕೆಂಡಿನೊಳಗೆ ವರ್ಗ ಬದಲಾದರೆ ಬದಲಾದದ್ದನ್ನೆಲ್ಲ ಬರೀಬೇಕು. ಆಗ 4-8-4-8-2-4-8 ಆಗುತ್ತೆ.

ಐದೇ_ನಿಮಿಷ · ರಾತ್ರಿ 9:21
ಸರಿ, ನಿಯಮದ ವಿಷಯ ಒಪ್ಪಿದೆ. ಆದರೂ "ಹಾಂ…?" ಅನ್ನೋದು ನಿಮ್ಮ ಪಟ್ಟಿಯಲ್ಲಿ 4, ಅಂದರೆ ಪ್ರಶ್ನೆ. ಅದು ಪ್ರಶ್ನೆ ಅಲ್ಲ ಸರ್, ಉತ್ತರ.

ಹತ್ತರ_ಮಗ್ಗಿ · ರಾತ್ರಿ 9:26
ಅದನ್ನ ಫ್ಲಾಂಡರ್ಸ್ ಹಿಡಿಯಲ್ಲ, ಒಪ್ತೀನಿ. ಆದರೆ ನೂರು ಅಂಕಿಯಲ್ಲಿ 71 ಸಲ 5 ಬಂದು 9 ಒಂದೂ ಬರದಿದ್ದರೆ, ಯಾವ ರಾಗವನ್ನೂ ಬಿಡಿಸಿ ನೋಡೋ ಮುಂಚೆ ಆಗಬೇಕಾದ ಕೆಲಸ ಬೇರೆ ಇದೆ ಅಂತ ಗೊತ್ತಾಗುತ್ತಲ್ಲ. ಮೊದಲ ಪಾಠಕ್ಕೆ ಅಂಕಿ, ಎರಡನೇದಕ್ಕೆ ನಿಮ್ಮ ಬರಹ.

ಕಡಲ_ತಡಿ · ರಾತ್ರಿ 9:33
ಫ್ಲಾಂಡರ್ಸ್‌ನಲ್ಲಿ ನನಗೆ ಒಪ್ಪದ್ದು ಒಂದೇ ಉಂಟು ಮಾರಾಯ್ರೆ, ಆ 10. ಮಕ್ಕಳು ಯೋಚಿಸುವ ಮೌನವೂ 10, ಗಲಾಟೆಯೂ 10. ಎರಡೂ ಒಂದೇಯಾ?

ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತೇವೆ ಅಂತ ಅಳೆಯುವುದಕ್ಕೇ ರೆಕಾರ್ಡಿಂಗ್ ಬೇಕು, ನೆನಪಿನಿಂದ ಆಗುವುದೇ ಇಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಟೇಪು ಕೇಳಿ ಕಂಡುಕೊಂಡದ್ದು, ಶಿಕ್ಷಕರು ಸರಾಸರಿ ಕಾಯುವುದು ಒಂದು ಸೆಕೆಂಡು. 3 ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, "ಗೊತ್ತಿಲ್ಲ" ಕಡಿಮೆಯಾಗುತ್ತದೆ. ಕಾಯುವ ಜಾಗ ಎರಡು ಉಂಟು. ಒಂದು ಪ್ರಶ್ನೆ ಆದ ಮೇಲೆ, ಇನ್ನೊಂದು ಮಗುವಿನ ಉತ್ತರ ಆದ ಮೇಲೆ. ಎರಡನೆಯದನ್ನು ಯಾರೂ ಅಳೆಯುವುದಿಲ್ಲ. ಮಗು ಉಸಿರು ತೆಗೆದುಕೊಂಡು ಇನ್ನೊಂದು ವಾಕ್ಯ ಸೇರಿಸುವ ಮೊದಲೇ ನಾವು "ಗುಡ್, ಕೂತ್ಕೋ" ಅಂತ ಮುಗಿಸಿಬಿಡ್ತೇವೆ.

ಅಡಾಸಿಟಿಯಲ್ಲಿ ಪ್ರಶ್ನೆಯ ಕೊನೆಯಿಂದ ಮುಂದಿನ ಮಾತಿನ ಶುರುವಿನವರೆಗೆ ಮೌಸಿನಿಂದ ಎಳೆದರೆ ಕೆಳಗೆ ಸೆಕೆಂಡು ಕಾಣುತ್ತದೆ.

ಸದ್ದುಗದ್ದಲ · ರಾತ್ರಿ 9:38
ಫ್ಯಾನ್ ಓಡ್ತಿದ್ದರೆ ಮೌನದಲ್ಲೂ ಗೆರೆ ದಪ್ಪಗಿರುತ್ತೆ, ಮಾತಿನ ಅಂಚು ಕಾಣಲ್ಲ. ಕಾಲರ್ ಮೈಕಿನ ಫೈಲಲ್ಲಿ ಅಳೀರಿ, ಅದರಲ್ಲಿ ನಿಮ್ಮ ಮಾತು ನಿಂತ ಜಾಗ ಚೊಕ್ಕವಾಗಿರುತ್ತೆ. ಇನ್ನೊಂದು ಮೋಸ: "ಯಾವ್ದು? ಹೇಳಿ ಹೇಳಿ" ಅಂತ ಪ್ರಶ್ನೇನ ಮತ್ತೆ ಕೇಳಿದರೆ ಕಾದ ಹಾಗಲ್ಲ. ಗಡಿಯಾರ ಅಲ್ಲಿಂದ ಮತ್ತೆ ಸೊನ್ನೆ.

ತಟ್ಟೆ_ನಂಬರ್_ಮೂರು · ರಾತ್ರಿ 9:50
ನೀವೆಲ್ಲ ಹೈಸ್ಕೂಲಿನ ಸಾಲು ಬೆಂಚು ಲೆಕ್ಕ ಹೇಳ್ತಿದ್ದೀರಿ. ಡಿ.ಇಎಲ್.ಇಡಿ. (ಪ್ರಾಥಮಿಕ ಶಾಲಾ ಶಿಕ್ಷಕರ ಡಿಪ್ಲೊಮಾ) ಮಾಡ್ತಿರೋರು ನಲಿಕಲಿ ತರಗತಿಗೆ ಹೋಗ್ತಾರೆ. ಅಲ್ಲಿ 1ರಿಂದ 3ನೇ ತರಗತಿ ಮಕ್ಕಳು ಒಟ್ಟಿಗೆ, ಐದು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ, ನೆಲದ ಮೇಲೆ ಕೂತಿರ್ತಾರೆ. ಕಲಿಕಾ ಏಣಿಯಲ್ಲಿ (ಕಲಿಯೋ ಹಂತಗಳ ಪಟ್ಟಿ) ಒಬ್ಬೊಬ್ಬರದು ಒಂದೊಂದು ಮೆಟ್ಟಿಲು. ಇಡೀ ತರಗತಿಗೆ ಒಂದೇ ಪ್ರಶ್ನೆ ಅನ್ನೋದೇ ಕಡಿಮೆ, ಹಾಗಾಗಿ ಫ್ಲಾಂಡರ್ಸೂ ಇಲ್ಲ, ಕಾಯೋ ಸೆಕೆಂಡೂ ಇಲ್ಲ. ಕೋಣೆಯ ಮೂಲೆಯಲ್ಲಿ ಕ್ಯಾಮೆರಾ ಇಟ್ಟರೆ ಸಿಗೋದು ಸಂತೆ.

ಅಲ್ಲಿ ಮಾಡಬೇಕಾದ್ದು ಬೇರೆ. ರೆಕಾರ್ಡರನ್ನ ಶಿಕ್ಷಕರು ಕೂರೋ ತಟ್ಟೆಯ ಹತ್ತಿರ ಇಡಬೇಡಿ. ಸಹಪಾಠಿಗಳಿಂದ ಕಲಿಯೋ ತಟ್ಟೆಯಲ್ಲೋ, ತಾವೇ ಕಲಿಯೋ ತಟ್ಟೆಯಲ್ಲೋ ಇಡಿ. ಒಬ್ಬ ಇನ್ನೊಬ್ಬನಿಗೆ ಕಾರ್ಡು ಓದಿಸ್ತಾ ಇದ್ದಾನಾ, ಅಥವಾ ಉತ್ತರ ತಾನೇ ಹೇಳ್ಬಿಡ್ತಿದ್ದಾನಾ ಅನ್ನೋದು ಅಲ್ಲೇ ಗೊತ್ತಾಗೋದು. ವಿಡಿಯೊ ಇದ್ದರೆ ಒಂದು ಹಾಳೆಯಲ್ಲಿ ಐದು ಅಡ್ಡಗೆರೆ ಎಳೆದು, ಶಿಕ್ಷಕರು ಯಾವ ತಟ್ಟೆ ಹತ್ತಿರ ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ ಇದ್ದರು ಅಂತ ದಪ್ಪ ಮಾಡ್ತಾ ಹೋಗಿ. ಪೂರ್ತಿ ಖಾಲಿ ಉಳಿದ ಗೆರೆ ಯಾವುದು ಅಂತ ನೋಡಿ.

ಕಿಟಕಿ_ಪಕ್ಕ · ರಾತ್ರಿ 9:56
ಇದನ್ನೇ ಹೈಸ್ಕೂಲಲ್ಲೂ ಮಾಡಬಹುದು. ಕೂರೋ ನಕ್ಷೆ ಬರೆದು, ಯಾರನ್ನ ಹೆಸರು ಹಿಡಿದು ಕೇಳಿದ್ರೋ ಅವರ ಚೌಕಕ್ಕೆ ಒಂದು ಗೀಟು. ಸಾಮಾನ್ಯವಾಗಿ ಗೀಟು ಮುಂದಿನ ಸಾಲಲ್ಲಿ ಮತ್ತೆ ನಡುವಿನ ಸಾಲಿನ ಉದ್ದಕ್ಕೆ ಬೀಳುತ್ತೆ, ಎರಡು ಹಿಂದಿನ ಮೂಲೆ ಖಾಲಿ. ಹುಡುಗಿಯರು ಎಷ್ಟು, ಹುಡುಗರು ಎಷ್ಟು ಅಂತನೂ ಅದೇ ಹಾಳೆಯಲ್ಲಿ ಸಿಗುತ್ತೆ.

ಎಂ_ಎಡ್_ಮುಗೀಲಿಲ್ಲ · ರಾತ್ರಿ 10:04
ಸ್ವಲ್ಪ ಹಿಂದಕ್ಕೆ ಹೋದರೆ, ಇದು ಹೊಸದೇನಲ್ಲ. ಅಣುಬೋಧನೆ, ಅಂದರೆ ಕೆಲವೇ ನಿಮಿಷದ ಚಿಕ್ಕ ಪಾಠ ಮಾಡಿ ತಿದ್ದಿಕೊಳ್ಳೋ ಅಭ್ಯಾಸ, 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲನ್ ಮತ್ತವರ ಜತೆಯವರ ಕೈಯಲ್ಲಿ ರೂಪಗೊಂಡಾಗ ವಿಡಿಯೊಟೇಪ್ ಅದರ ಜತೆಗೇ ಬೆಳೆದದ್ದು. ನಮ್ಮಲ್ಲಿ ಉಪಕರಣ ಇರಲಿಲ್ಲ, ಹಾಗಾಗಿ ಎನ್‌ಸಿಇಆರ್‌ಟಿಯ ಭಾರತೀಯ ಮಾದರಿಯಲ್ಲಿ ಮೇಲ್ವಿಚಾರಕರು ಮತ್ತು ಜತೆಯವರ ಟಿಪ್ಪಣಿಯೇ ಆಧಾರ: 6 ನಿಮಿಷ ಬೋಧನೆ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ಮರುಬೋಧನೆ, 6 ಮರುಹಿಮ್ಮಾಹಿತಿ, ಒಟ್ಟು 36. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ಆದರೂ ಅಣುಬೋಧನೆ ಅಂದರೆ ಹಾಳೆ ತುಂಬೋದೇ.

ನಿಜವಾಗಿ ಉಳಿಸಬೇಕಾದ್ದು ಆ ನಡುವಿನ 12 ನಿಮಿಷ. ಚಕ್ರದಲ್ಲೇ ಅತಿ ಉದ್ದದ ಭಾಗ ಮರುಯೋಜನೆಗೆ. ವಿಡಿಯೊ ನೋಡಿ ಬೇಜಾರು ಪಟ್ಟು ಮುಚ್ಚಿಟ್ಟರೆ ಅರ್ಧ ಚಕ್ರ. ಇಂಟರ್ನ್‌ಶಿಪ್‌ನಲ್ಲಿ ಬಿ ವಿಭಾಗ ಇದ್ದರೆ ಅದೇ ಪಾಠ ಅಲ್ಲಿ ಮತ್ತೆ ಮಾಡೋಕೆ ಅವಕಾಶ ಕೇಳಿ, ಅದೇ ಐದು ನಿಮಿಷದ ಭಾಗವನ್ನ ಮಾತ್ರ ರೆಕಾರ್ಡ್ ಮಾಡಿ.

ಕಡಲ_ತಡಿ · ರಾತ್ರಿ 10:08
ಅಣುಬೋಧನೆಯಾ, ಸೂಕ್ಷ್ಮಬೋಧನೆಯಾ?

ಎಂ_ಎಡ್_ಮುಗೀಲಿಲ್ಲ · ರಾತ್ರಿ 10:09
ಎರಡೂ ಓಡುತ್ತೆ. ಸೂಕ್ಷ್ಮ ಅಂದರೆ ನಾಜೂಕು ಅಂತ ಅನ್ನಿಸುತ್ತೆ, ಅಣು ಅಂದರೆ ಚಿಕ್ಕದು. ಆರು ನಿಮಿಷದ್ದು ಚಿಕ್ಕದಂತೂ ಹೌದು, ನಾಜೂಕು ಅಂತ ಹೇಳೋಕಾಗಲ್ಲ.

ಗಿರಮಿಟ್ · ರಾತ್ರಿ 10:15
ಹುಡುಗ್ರು ಕ್ಯಾಮೆರಾ ನೋಡಿ ಹಲ್ಲು ಕಿಸೀತಾವಲ್ರೀ, ಅದಕ್ಕೇನ್ ಮಾಡೋದು?

ಸದ್ದುಗದ್ದಲ · ರಾತ್ರಿ 10:18
ಎರಡು ದಿನ ಮುಂಚಿನಿಂದ ಹೋಲ್ಡರು, ಅದರಲ್ಲಿ ಫೋನು ಇಟ್ಟೇ ಪಾಠ ಮಾಡಿ, ರೆಕಾರ್ಡ್ ಬೇಡ. ಸ್ಕ್ರೀನು ಮಕ್ಕಳ ಕಡೆ ಇರಬಾರದು, ತಮ್ಮ ಮುಖ ಕಂಡರೆ ಮುಗೀತು. ಶುರು ಮಾಡೋ ಮುಂಚೆ ಹತ್ತು ಸೆಕೆಂಡು ಎಲ್ಲರೂ ಕೈ ಬೀಸಲಿ, ಅದನ್ನೂ ತೆಗೀರಿ. ಆಸೆ ತೀರುತ್ತೆ.

ಹತ್ತರ_ಮಗ್ಗಿ · ರಾತ್ರಿ 10:24
ಯಾರೂ ಮುಟ್ಟದ ವಿಷಯ: ಅಂಕ. ವಿಡಿಯೊ ಉಪನ್ಯಾಸಕರು ನೋಡಿ ಅಂಕ ಕೊಡ್ತಾರೆ ಅಂದ ಕೂಡಲೇ ಎಲ್ಲರೂ ನಾಟಕ ತೆಗೀತಾರೆ. ಹಿಂದಿನ ದಿನ ಅದೇ ಪಾಠ ಮಾಡಿ, ಉತ್ತರ ಬಾಯಿಪಾಠ ಮಾಡಿಸಿ, ಮರುದಿನ ರೆಕಾರ್ಡಿಂಗ್. ಎಲ್ಲ ಮಕ್ಕಳೂ ಕೈ ಎತ್ತಿರ್ತಾರೆ, ಒಂದು ತಪ್ಪು ಉತ್ತರವೂ ಇರಲ್ಲ. ತಪ್ಪು ಉತ್ತರವೇ ಇಲ್ಲದ ವಿಡಿಯೊ ಬಂದರೆ ಉಪನ್ಯಾಸಕರು ಅಲ್ಲೇ ಅರ್ಥ ಮಾಡ್ಕೋಬೇಕು.

ಎಂ_ಎಡ್_ಮುಗೀಲಿಲ್ಲ · ರಾತ್ರಿ 10:30
ಹಾಗಾದ್ರೆ ಯಾರೂ ನೋಡಬಾರದಾ? ಯಾರೂ ನೋಡಲ್ಲ ಅಂದರೆ ರೆಕಾರ್ಡೇ ಮಾಡಲ್ಲ.

ಐದೇ_ನಿಮಿಷ · ರಾತ್ರಿ 10:37
ಅಂಕ ವಿಡಿಯೊಗೆ ಬೇಡ, ಬರೆದಿಳಿಸಿದ ಮಾತಿಗೆ ಮತ್ತು ಅದರ ಕೆಳಗೆ ಬರೆದ ಮರುಯೋಜನೆಗೆ ಕೊಡಲಿ. "ಅತ್ಯುತ್ತಮ ಭಾಗ ಆರಿಸಿ" ಅಂತ ಕೇಳಬಾರದು, "ಮತ್ತೆ ಮಾಡೋಕೆ ಅವಕಾಶ ಸಿಕ್ಕರೆ ಬದಲಾಯಿಸೋ ಭಾಗ ಆರಿಸಿ" ಅಂತ ಕೇಳಬೇಕು. ಆಗ ಎಡವಿದ ಜಾಗ ತೋರಿಸಿದೋರಿಗೇ ಬರೆಯೋಕೆ ಸಾಮಗ್ರಿ ಇರುತ್ತೆ, ನಾಟಕ ಆಡಿದೋರು ಖಾಲಿ ಕೈ. ಮಕ್ಕಳ ಮುಖವೂ ಕಾಲೇಜಿಗೆ ಹೋಗೋ ಹಾಗಿಲ್ಲ, ಕಾನೂನು_ಕಣ್ಣು ಅವರಿಗೂ ನಿದ್ದೆ ಬರುತ್ತೆ.

ಕಾನೂನು_ಕಣ್ಣು · ರಾತ್ರಿ 10:40
ಬರೆದಿಳಿಸೋವಾಗ ಮಕ್ಕಳ ಹೆಸರು ಬೇಡ. ಮಗು 1, ಮಗು 2. ಈಗ ನಿದ್ದೆ ಬಂತು.

ಚಾಕ್‌ಪೀಸ್_ಚೂರು · ರಾತ್ರಿ 10:46
ಸಹಿ ಪತ್ರ ನಾಳೆ ಹಂಚ್ತೀನಿ, ಎರಡು ದಿನ ಖಾಲಿ ಫೋನು. ಗುರುವಾರ 2ನೇ ಪಿರಿಯಡ್, ಘರ್ಷಣೆ ಪಾಠ. ನೋಡೋದು ಒಂದೇ: ಮಗು ಉತ್ತರ ಹೇಳಿದ ಮೇಲೆ ನಾನು ಎಷ್ಟು ಹೊತ್ತು ಸುಮ್ಮನಿರ್ತೀನಿ. ಅಂದಾಜು ಈಗಲೇ ಹೇಳ್ತೀನಿ, 2 ಸೆಕೆಂಡು.

ಕಡಲ_ತಡಿ · ರಾತ್ರಿ 10:49
ಎರಡಾ? ಅರ್ಧ ಸಿಕ್ಕಿದರೆ ಹೇಳಿ.

ಕಿಟಕಿ_ಪಕ್ಕ · ರಾತ್ರಿ 10:52
ಆ ಮೂರು ಕಿಟಕಿ ಯಾವ ದಿಕ್ಕಿಗಿದೆ?

ಚಾಕ್‌ಪೀಸ್_ಚೂರು · ರಾತ್ರಿ 10:53
ಪೂರ್ವ.

ಕಿಟಕಿ_ಪಕ್ಕ · ರಾತ್ರಿ 10:57
ಹಾಗಾದ್ರೆ 2ನೇ ಪಿರಿಯಡ್‌ಗೆ ಬಿಸಿಲು ನೇರ ಫೋನಿನ ಸ್ಕ್ರೀನಿಗೆ ಹೊಡೆಯುತ್ತೆ, ಫೋನು ಕಾದು ನಡುವೆಯೇ ರೆಕಾರ್ಡಿಂಗ್ ನಿಲ್ಲಬಹುದು. ಕವರ್ ತೆಗೀರಿ, ಸರಳಿನ ಆಚೆಗೆ ಒಂದು ರಟ್ಟು ಕಟ್ಟಿ. ನೋಟ್‌ಬುಕ್ಕಿನ ರಟ್ಟು ಚಿಕ್ಕದಾಯ್ತು, ಚಾರ್ಟಿನದು ಇದ್ದರೆ ಅದು.